ಬಾಗಿಲಾಚೆಯ ಮುದುಕ

ಅಮೆರಿಕದ ಕಂಟ್ರಿ ಗಾಯಕ ಟೋಬಿ ಕೀತ್ ಬರೆದು ಹಾಡಿದ ‘ಡೋಂಟ್ ಲೆಟ್ ದ ಓಲ್ಡ್ ಮ್ಯಾನ್ ಇನ್’ ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್‌ನ ಗಾಲ್ಫ್ ಮೈದಾನದಲ್ಲಿ. ಜೊತೆಗಿದ್ದ ಹಾಲಿವುಡ್ ನಟ, ನಿರ್ದೇಶಕ ಕ್ಲಿಂಟ್ ಈಸ್ಟ್‌ವುಡ್ ಅವರಿಗೆ 88 ತುಂಬುವುದರಲ್ಲಿತ್ತು, ಹೊಸ ಚಿತ್ರದ ಕೆಲಸಕ್ಕೆ ಹೊರಟು ನಿಂತಿದ್ದರು. ಈ ವಯಸ್ಸಿನಲ್ಲಿ ಇದೆಲ್ಲ ಹೇಗೆ ಸಾಧ್ಯ ಎಂದು ಕೀತ್ ಕೇಳಿದರು. ದಿನಾ ಎದ್ದು ಹೊರಡುತ್ತೇನೆ, ಮುದುಕನನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂಬರ್ಥದ ಉತ್ತರ ಬಂತು. ಅದೇ ಹಾಡಾಯಿತು. ಮಾದರಿಗೆಂದು ಧ್ವನಿಮುದ್ರಿಸುವಾಗ ಕೀತ್‌ಗೆ ಜೋರು ನೆಗಡಿ. ಕಟ್ಟಿದ, ದಣಿದ ಆ ದನಿಯೇ ಈಸ್ಟ್‌ವುಡ್‌ಗೆ ಹಿಡಿಸಿತು. ಅವರ 2018ರ ‘ದ ಮ್ಯೂಲ್’ ಚಿತ್ರದಲ್ಲಿ ಹಾಡು ಬಂತು. ಬರೆದವರಿಗೆ ಆಗಿನ್ನೂ 57ರ ಆಸುಪಾಸು. ಕಂಡಿದ್ದು ಇನ್ನೊಬ್ಬರ ಮುಪ್ಪನ್ನು.

2021ರಲ್ಲಿ ಕೀತ್‌ಗೆ ಜಠರದ ಕ್ಯಾನ್ಸರ್ ಪತ್ತೆಯಾಯಿತು. 2023ರ ಸೆಪ್ಟೆಂಬರಿನಲ್ಲಿ ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಓಪ್ರಿ ವೇದಿಕೆಯಲ್ಲಿ ಪ್ರಶಸ್ತಿ ಪಡೆದು ಇದೇ ಹಾಡು ಹಾಡಿದರು. ಒಕ್ಲಹೋಮಾದ ಎಣ್ಣೆಬಾವಿಗಳಲ್ಲಿ ದುಡಿದಿದ್ದ ದಷ್ಟಪುಷ್ಟ ಮನುಷ್ಯ, ಸೊರಗಿ ಅರ್ಧವಾಗಿದ್ದರು. ಅದನ್ನು ಮುಚ್ಚಿಡಲಿಲ್ಲ. ಬಿಗಿ ಜೀನ್ಸ್ ತೊಟ್ಟ ನನ್ನನ್ನು ನೋಡುತ್ತೇವೆಂದು ನೀವು ಎಣಿಸಿರಲಿಕ್ಕಿಲ್ಲ ಎಂದು ತಾವೇ ಸಭೆಯನ್ನು ನಗಿಸಿದರು. ಡಿಸೆಂಬರಿನಲ್ಲಿ ಲಾಸ್ ವೇಗಸ್‌ನಲ್ಲಿ ಕಾರ್ಯಕ್ರಮಗಳನ್ನೂ ಕೊಟ್ಟರು. 2024ರ ಫೆಬ್ರವರಿ 5ರಂದು ತೀರಿಕೊಂಡಾಗ ಅವರಿಗೆ 62.

ಆಮೇಲೆ ಈ ಹಾಡು ನನಗೆ ಬೇರೆಯಾಗಿಯೇ ಕೇಳಿಸುತ್ತದೆ. ಮುದುಕನನ್ನು ಒಳಗೆ ಬಿಡಬೇಡ ಎಂದವರ ಮನೆಗೆ ಮುದುಕ ಬರಲೇ ಇಲ್ಲ. ನಾವು ಗೊಣಗುವ ನರೆ, ಮಂಡಿನೋವು, ಮರೆವು ಎಲ್ಲವೂ ಅವರಿಗೆ ಸಿಗದೇ ಹೋದ ವರ್ಷಗಳ ಜೊತೆ ಬರಬೇಕಿದ್ದವು. ಹಾಗಿರುವಾಗ ಹೊರಗಿಡಬೇಕಾದದ್ದು ಮುಪ್ಪನ್ನೇ ಎಂದು ನನಗನ್ನಿಸುವುದಿಲ್ಲ. ಕೂದಲಿಗೆ ಬಣ್ಣ ಬಳಿದು ಪ್ರಾಯದವರಂತೆ ನಟಿಸು ಎಂದು ಅರ್ಥ ಮಾಡಿಕೊಂಡರಂತೂ ಹಾಡು ತೀರಾ ಬಡವಾಗುತ್ತದೆ. ಓಪ್ರಿ ವೇದಿಕೆಯ ಆ ರಾತ್ರಿ ಕೀತ್ ದೇಹ ಸೋತದ್ದನ್ನು ಎಲ್ಲರೆದುರು ಒಪ್ಪಿಕೊಂಡರು, ಹಾಡುವ ಕೆಲಸವನ್ನು ಮಾತ್ರ ಬಿಟ್ಟುಕೊಡಲಿಲ್ಲ. ಹಿರಿಯ ಕಂಟ್ರಿ ಗಾಯಕ ವಿಲ್ಲಿ ನೆಲ್ಸನ್ ಕೂಡ ಇದನ್ನು ಹಾಡಿದ್ದಾರೆ. 2020ರಲ್ಲಿ ಈ ಹಾಡಿರುವ ಅವರ ಆಲ್ಬಂ ಬಂದಾಗ ಅವರಿಗೆ 87. ಅಲ್ಲಿ ಮುದುಕ ಎಂದೋ ಒಳಗೆ ಬಂದಾಗಿದೆ, ಅವನ ಪಕ್ಕದಲ್ಲೇ ಕೂತು ಹಾಡಿದಂತಿದೆ. ನನಗೆ ಹೆಚ್ಚು ಹಿಡಿಸುವುದು ಅದೇ.

ಹಾಡು ಹೇಳದ ಒಂದು ಸಂಗತಿ ನನ್ನನ್ನು ಕಾಡುತ್ತದೆ. ಎಷ್ಟೋ ಮನೆಗಳಲ್ಲಿ ಮುದುಕನಿಗೆ ಬಾಗಿಲು ತೆರೆಯುವವರು ವಯಸ್ಸಾದವರಲ್ಲ, ಮಕ್ಕಳು. ‘ಈ ವಯಸ್ಸಲ್ಲಿ ನಿಮಗ್ಯಾಕೆ ಇದೆಲ್ಲ, ಸುಮ್ನೆ ಕೂತ್ಕೊಳ್ಳಿ’ ಎಂದು ಅಪ್ಪನ ಕೈಯಿಂದ ತರಕಾರಿ ಚೀಲ ಕಸಿಯುತ್ತೇವೆ. ಅಮ್ಮನನ್ನು ಒಲೆಯ ಮುಂದಿನಿಂದ ಎಬ್ಬಿಸುತ್ತೇವೆ. ಅಕ್ಕರೆಯಿಂದಲೇ ಮಾಡುತ್ತೇವೆ, ಹಾಗಾಗಿ ಅವರು ಎದುರಾಡಲಾರರು. ಒಂದು ಹೆಸರು ಮರೆತರೆ ಸಾಕು, ಅರವತ್ತಕ್ಕೆ ಅರಳುಮರಳು ಅನ್ನುತ್ತೇವೆ. ಅತ್ತ ಈಸ್ಟ್‌ವುಡ್ ನಿರ್ದೇಶಿಸಿದ ‘ಜ್ಯೂರರ್ ನಂಬರ್ 2’ ತೆರೆಕಂಡಾಗ ಅವರಿಗೆ 94. ಅವರ ಛಲ ದೊಡ್ಡದು, ನಿಜ. ಆದರೆ ಆ ವಯಸ್ಸಿನಲ್ಲೂ ಅವರನ್ನು ನಂಬಿ ದುಡಿದ ತಂಡವೊಂದು ಜೊತೆಗಿತ್ತು. ನಮ್ಮ ಮನೆಯ ಹಿರಿಯರನ್ನು ಊಟ ಆಯ್ತಾ, ಮಾತ್ರೆ ತಗೊಂಡ್ರಾ ಎಂದು ದಿನಾ ವಿಚಾರಿಸುತ್ತೇವೆ. ನಾಳೆ ಏನು ಮಾಡಬೇಕೆಂದಿದ್ದೀರಿ ಎಂದು ಕೇಳುವುದೇ ಇಲ್ಲ.