ಗಜನಿಯಿಂದ ಗಂಜಿಗೆ

ಕುಮಟಾದ ಮಾಣಿಕಟ್ಟಾದ ಗಜನಿ ಗದ್ದೆಗಳಲ್ಲಿ ಮಳೆಗಾಲದ ಸಿಹಿನೀರು ಅಘನಾಶಿನಿ ಅಳಿವೆಯ ಉಪ್ಪುನೀರಿನೊಳಗೆ ಮೆಲ್ಲಗೆ ಕರಗುವಾಗ, ಬೇರೆ ಯಾವ ಪೈರೂ ಸುಟ್ಟುಹೋಗುವ ಆ ಕೆಸರಿನಲ್ಲಿ ಕಗ್ಗ ಭತ್ತ ಆಳೆತ್ತರಕ್ಕೆ ಬೆಳೆದು ತೆನೆ ತೂಗುತ್ತದೆ. ಕೊಯ್ಲು ಮುಗಿದ ಮೇಲೆ ಅದೇ ಗದ್ದೆಗೆ ಉಬ್ಬರದೊಡನೆ ಸಿಗಡಿಯೂ ಮೀನೂ ಬರುತ್ತವೆ. ಹತ್ತಿರದ ಸಾಣಿಕಟ್ಟಾದ ಆಗರಗಳಲ್ಲಿ ಅದೇ ನೀರು ಬೇಸಿಗೆಯ ಬಿಸಿಲಿಗೆ ಉಪ್ಪಿನ ಹರಳಾಗುತ್ತದೆ. ಅಕ್ಕಿ, ಉಪ್ಪು, ಮೀನು ಮೂರೂ ಒಂದೇ ಅಳಿವೆಯ ಮಕ್ಕಳು. ಕೆಂಪಕ್ಕಿಯ ಗಂಜಿಗೆ ಚಿಟಿಕೆ ಉಪ್ಪು ಹಾಕಿ, ಪಕ್ಕದಲ್ಲಿ ಒಂದು ತುಂಡು ಮೀನಿಟ್ಟುಕೊಂಡವರ ಬಟ್ಟಲಲ್ಲಿ ಅವು ಮತ್ತೆ ಸೇರುತ್ತವೆ, ಆಮೇಲೆ ಹೊಟ್ಟೆಯ ಕತ್ತಲೊಳಗೂ ಸೇರುತ್ತವೆ.

ಸುಮಾರು ಆರು ಮೀಟರ್ ಉದ್ದದ ಸಣ್ಣ ಕರುಳಿನ ಒಳಗೋಡೆಯ ತುಂಬ ಒಂದು ಮಿಲಿಮೀಟರನ್ನೂ ಮುಟ್ಟದ ಬೆರಳುಗಳಂಥ ವಿಲ್ಲೈಗಳು ಒತ್ತೊತ್ತಾಗಿ ನಿಂತಿವೆ. ಅವುಗಳ ಮೈಮೇಲಿನ ಕೋಶಗಳು ಮೂರರಿಂದ ಐದು ದಿನ ಬಾಳಿ ಉದುರಿ, ಹೊಸಬರಿಗೆ ಜಾಗ ಬಿಡುತ್ತವೆ. ಗಂಜಿಯ ಪಿಷ್ಟ ತುಂಡುತುಂಡಾಗಿ ಗ್ಲೂಕೋಸಾಗಿ ಇಲ್ಲಿಗೆ ಬಂದು ನಿಂತರೂ ಒಂಟಿಯಾಗಿ ಒಳಗೆ ಹೋಗಲಾರದು. ಎಸ್‌ಜಿಎಲ್‌ಟಿ-1 ಎಂಬ ಬಾಗಿಲಲ್ಲಿ ಒಂದು ಗ್ಲೂಕೋಸಿನ ಕೈ ಹಿಡಿದು ಎರಡು ಸೋಡಿಯಂ ಕಣಗಳು ದಾಟಬೇಕು. ಉಪ್ಪೂ ಸಿಹಿಯೂ ಹೀಗೆ ಜೊತೆಯಾಗಿ ದಾಟುತ್ತವೆಂದು ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್‌ನಲ್ಲಿ ಹೇಳಿದರು. ಆಗಲೂ ಈ ಕರಾವಳಿಯ ಒಲೆಗಳ ಮೇಲೆ ಉಪ್ಪುಗಂಜಿ ಕುದಿಯುತ್ತಲೇ ಇತ್ತು.

ಇನ್ನು ಮೀನು. ಹೊನ್ನಾವರದ ಪೇಟೆಯಲ್ಲಿ ಬುಟ್ಟಿಯಿಂದ ಎತ್ತಿ ಹಿಡಿದ ಬಂಗಡೆಯ ನೀಲಿ-ಹಸಿರು ಬೆನ್ನಿನ ಗೆರೆಗಳು ಕಡಲನ್ನು ಇನ್ನೂ ಮರೆತಿಲ್ಲವೆಂಬಂತೆ ಮಿನುಗುತ್ತಿರುತ್ತವೆ. ಭಟ್ಕಳದ ಅಡುಗೆಮನೆಯಲ್ಲಿ ಅದು ಮಸಾಲೆಯೊಳಗೆ ಮುಳುಗಿ, ಹಲ್ಲಿಗೆ ಸಿಕ್ಕಿ, ಕೊನೆಗೆ ಅಮೈನೋ ಆಮ್ಲಗಳಾಗಿ ಕರುಳಿಗಿಳಿದಾಗ, ಅದರ ಸುಳಿವು ಹಿಡಿಯುವ ಕೋಶಗಳು ಕೊಲಿಸಿಸ್ಟೊಕೈನಿನ್, ಜಿಎಲ್‌ಪಿ-1 ಎಂಬ ಸಂದೇಶಗಳನ್ನು ರಕ್ತಕ್ಕೆ ಬಿಡುತ್ತವೆ. ಜಠರದ ಕೆಳಬಾಗಿಲು ಬಿಗಿಯಾಗುತ್ತದೆ. ಇಡಗುಂಜಿಯ ಗಣಪತಿ ಗುಡಿಯಲ್ಲಿ ಸಂಕಷ್ಟಿಯಂದು ಭಕ್ತರನ್ನು ಸ್ವಲ್ಪಸ್ವಲ್ಪವೇ ಒಳಬಿಡುವಂತೆ, ಗಂಜಿ ತುಸುತುಸುವೇ ಕರುಳಿಗೆ ಇಳಿಯುತ್ತದೆ. ಅಷ್ಟರಲ್ಲಿ ಮೇದೋಜೀರಕ ಗ್ರಂಥಿ ಇನ್ಸುಲಿನ್ ಸಿದ್ಧಮಾಡಿಕೊಳ್ಳುತ್ತದೆ. ಮೀನು ಸಕ್ಕರೆಯ ಬಾಗಿಲನ್ನು ಮುಚ್ಚುವುದಿಲ್ಲ. ಬರುವವರ ಅವಸರವನ್ನಷ್ಟೇ ತಗ್ಗಿಸುತ್ತದೆ. ನನಗೆ ಎಲ್ಲಕ್ಕಿಂತ ದೊಡ್ಡ ಬೆರಗು ಇದೇ: ನಮ್ಮ ಅರಿವಿಗೆ ಬಾರದ ಕಡೆ, ಯಾರೂ ಕಲಿಸದೆ, ಇಷ್ಟೊಂದು ತಾಳ್ಮೆ ನಡೆಯುತ್ತಿದೆ.

ಅನ್ನಕ್ಕಿಂತ ಮೊದಲು ಮೀನು ತಿಂದರೆ ಜಠರ ನಿಧಾನವಾಗಿ ಬರಿದಾಗುವುದನ್ನೂ, ಊಟದ ನಂತರದ ಸಕ್ಕರೆಯ ಏರಿಕೆ ತಗ್ಗುವುದನ್ನೂ ಜಪಾನಿನ ವೈದ್ಯರು ಸಕ್ಕರೆ ಕಾಯಿಲೆ ಇದ್ದವರಲ್ಲೂ ಇಲ್ಲದವರಲ್ಲೂ ಕಂಡು 2016ರಲ್ಲಿ ಪ್ರಕಟಿಸಿದರು. ಮೀನು ತಿನ್ನುವವರು ನೀವಾದರೆ, ಮುಂದಿನ ಸಲ ಗಂಜಿಗೆ ಕೂತಾಗ ಮೊದಲ ತುತ್ತು ಬಂಗಡೆಯದಾಗಲಿ.