ಹಂಗಿಲ್ಲದ ಓಟು

2020ರ ನವೆಂಬರ್ 3ರಂದು ಕರ್ನಾಟಕದ ಎರಡು ಕಡೆ ವಿಧಾನಸಭಾ ಉಪಚುನಾವಣೆ ನಡೆಯಿತು. ಕೊರೊನಾ ಭಯ ಎರಡೂ ಕಡೆ ಇತ್ತು. ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಓಟು ಹಾಕಿದವರು ಶೇ. 45ರಷ್ಟು. ತುಮಕೂರು ಜಿಲ್ಲೆಯ ಶಿರಾದಲ್ಲಿ ಶೇ. 82 ದಾಟಿತು. ಹಳ್ಳಿಯವರು ದುಡ್ಡಿಗೆ ಹಾಕುತ್ತಾರೆ, ಜಾತಿಗೆ ಹಾಕುತ್ತಾರೆ ಎಂದು ಇದನ್ನು ತಳ್ಳಿಹಾಕುವವರು ಬಹಳ ಮಂದಿ. ನಾನು ಒಪ್ಪುವುದಿಲ್ಲ. ದುಡ್ಡು, ಜಾತಿ ಎರಡೂ ಬೆಂಗಳೂರಿನಲ್ಲಿಯೂ ಇವೆ. ಸ್ವಾತಂತ್ರ್ಯವೆಂದರೆ ಏನು, ಅದರಲ್ಲಿ ಸರ್ಕಾರದ ಪಾಲೆಷ್ಟು ಎಂಬ ತಿಳಿವಳಿಕೆಯೇ ಈ ಎರಡು ಊರುಗಳಲ್ಲಿ ಬೇರೆ ಬೇರೆ.

1958ರಲ್ಲಿ ತತ್ವಜ್ಞಾನಿ ಐಸಾಯಾ ಬರ್ಲಿನ್ ಆಕ್ಸ್‌ಫರ್ಡ್‌ನಲ್ಲಿ ಮಾಡಿದ ಉಪನ್ಯಾಸವೊಂದು ಸ್ವಾತಂತ್ರ್ಯದ ಎರಡು ಅರ್ಥಗಳನ್ನು ಬಿಡಿಸಿ ತೋರಿಸಿತು. ನನಗೆ ಯಾರೂ ಅಡ್ಡ ಬಾರದಿರುವುದು ಒಂದು. ನನ್ನ ಬದುಕಿಗೆ ನಾನೇ ಯಜಮಾನನಾಗಿರುವುದು ಇನ್ನೊಂದು. ಮೊದಲನೆಯದನ್ನೇ ನೆಚ್ಚಿದವರಿಗೆ ಸರ್ಕಾರ ಎಷ್ಟು ಕಮ್ಮಿಯಿದ್ದರೆ ಅಷ್ಟು ಒಳ್ಳೆಯದು. ಮನೆಗೆ ಬೋರ್‌ವೆಲ್, ಯುಪಿಎಸ್, ಮಕ್ಕಳಿಗೆ ಖಾಸಗಿ ಶಾಲೆ ಇದ್ದವರು ಓಟಿನ ದಿನವನ್ನು ರಜೆಯೆಂದು ಕಳೆದರೆ ಆಶ್ಚರ್ಯವಿಲ್ಲ. ತುಮಕೂರು ಜಿಲ್ಲೆಯದೇ ಆದ ಪಾವಗಡದ ರೈತನಿಗೆ ಈ ಬಗೆಯ ಸ್ವಾತಂತ್ರ್ಯಕ್ಕೆ ಕೊರತೆಯಿರಲಿಲ್ಲ. ಸಾಲ ತಂದು ಬೋರ್ ಕೊರೆಸುವಾಗ ಯಾರೂ ಅವನ ಕೈ ಹಿಡಿಯಲಿಲ್ಲ. ನೀರು ಬರಲಿಲ್ಲ, ಬಂದ ನೀರಿನಲ್ಲಿ ಫ್ಲೋರೈಡ್ ಇತ್ತು, ಅಷ್ಟೆ.

ಮೂರನೆಯ ಅರ್ಥವೂ ಒಂದಿದೆ: ಇನ್ನೊಬ್ಬರ ಮರ್ಜಿಗೆ ಸಿಕ್ಕಿಕೊಳ್ಳದೆ ಇರುವುದು. ಅದನ್ನು ನಮ್ಮ ಕಾಲಕ್ಕೆ ಹೊಂದಿಸಿ ಹೇಳಿದವರಲ್ಲಿ ಪ್ರಮುಖರು ತತ್ವಜ್ಞಾನಿ ಫಿಲಿಪ್ ಪೆಟಿಟ್, ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಪಾಠ ಹೇಳುತ್ತಿದ್ದಾಗ, 1997ರ ಪುಸ್ತಕದಲ್ಲಿ. ವಿಚಾರ ಪ್ರಾಚೀನ ರೋಮಿನದು. ದಣಿ ಒಳ್ಳೆಯವನು, ಬೈಯುವುದಿಲ್ಲ, ಹೊಡೆಯುವುದಿಲ್ಲ. ಆದರೂ ಆಳು ಸ್ವತಂತ್ರನಲ್ಲ. ನಾಳೆ ದಣಿಯ ಮನಸ್ಸು ತಿರುಗಿದರೆ ತಡೆಯುವಂಥದ್ದು ಏನೂ ಇಲ್ಲ. ಈ ಸ್ಥಿತಿಗೆ ಕನ್ನಡದಲ್ಲಿ ಹೊಸ ಪದ ಕಟ್ಟಬೇಕಿಲ್ಲ, ನಮ್ಮ ಅಜ್ಜಿಯರು ದಿನಾ ಆಡುತ್ತಿದ್ದ ಮಾತೇ ಇದೆ: ಹಂಗು.

ಕೊರಟಗೆರೆಯಿಂದ ಗೊರವನಹಳ್ಳಿಯ ಲಕ್ಷ್ಮಿ ಗುಡಿಗೆ ಹೊರಟ ಹೆಂಗಸನ್ನು ನೋಡಿ. ಆಧಾರ್ ಕಾರ್ಡ್ ತೋರಿಸುತ್ತಾಳೆ, ಕಂಡಕ್ಟರ್ ಮಿಷನ್ನಿನಿಂದ ಸೊನ್ನೆ ರೂಪಾಯಿಯ ಚೀಟಿ ಹರಿದು ಕೊಡುತ್ತಾನೆ, ಅದನ್ನು ಮಡಿಸಿ ಪರ್ಸಿಗೆ ಸೇರಿಸುತ್ತಾಳೆ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರ ಪ್ರಯಾಣ ಉಚಿತವಾದ 2023ರ ಜೂನ್ 11ಕ್ಕೆ ಮುಂಚೆ ಬಸ್ ಚಾರ್ಜಿಗೆ ಗಂಡನನ್ನೋ ಮಗನನ್ನೋ ಕೇಳಬೇಕಿತ್ತು, ಯಾಕೆ ಎಲ್ಲಿಗೆ ಎಂದು ಹೇಳಬೇಕಿತ್ತು. ಇದನ್ನು ಬಿಟ್ಟಿ ಎಂದು ಹೀಗಳೆಯುವವರು ಆ ಚೀಟಿ ಕಳಚಿದ ಹಂಗನ್ನು ಕಂಡಿಲ್ಲ. ಆದರೆ ಅದೇ ಚೀಟಿ ತೋರಿಸಿ ‘ನಾವು ಕೊಟ್ಟೆವು, ಓಟು ನಮಗೇ’ ಎಂದರೆ ಒಂದು ಹಂಗು ಹೋಗಿ ಇನ್ನೊಂದು ಬಂದಂತೆ.

ಶಿರಾದ ಮದಲೂರು ಕೆರೆಯ ಕಥೆ ಇದನ್ನು ಇನ್ನೂ ಚೆನ್ನಾಗಿ ತಿಳಿಸುತ್ತದೆ. ಆ ಉಪಚುನಾವಣೆಯ ಪ್ರಚಾರದಲ್ಲಿ ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪ, ಕೆರೆಗೆ ಹೇಮಾವತಿ ನೀರು ತುಂಬಿಸುವ ಮಾತು ಕೊಟ್ಟರು. ಶಿರಾದಲ್ಲಿ ಅವರ ಪಕ್ಷ ಮೊದಲ ಬಾರಿಗೆ ಗೆದ್ದಿತು. ಮರುವರ್ಷವೇ ಈ ಕೆರೆಗೆ ನೀರಿನ ಹಂಚಿಕೆ ಇದೆಯೋ ಇಲ್ಲವೋ ಎಂಬ ಜಗಳವೆದ್ದಿತು. ಹಕ್ಕಾಗಿ ಹರಿಯುವ ನೀರಿಗೂ ದಯೆಯಿಂದ ಹರಿಯುವ ನೀರಿಗೂ ಇರುವ ಅಂತರ ಇದೇ. ಕೆರೆ ತುಂಬಿದಾಗ ಎರಡೂ ಒಂದೇ ಥರ ಕಾಣುತ್ತವೆ.

ಪಾವಗಡದ ಸೋಲಾರ್ ಪಾರ್ಕಿಗಾಗಿ ಸುಮಾರು 13,000 ಎಕರೆಯನ್ನು ಸರ್ಕಾರ ಕೊಂಡುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಹಿಡಿಯಿತು. ಪಹಣಿ ರೈತನ ಹೆಸರಿನಲ್ಲೇ ಉಳಿಯಿತು, ಬಾಡಿಗೆ ಕರಾರಿನಲ್ಲಿದೆ. ಯಾರು ಗೆದ್ದರೂ ಅವನು ಕೈಮುಗಿಯಬೇಕಿಲ್ಲ. ಅದೇ ಹೊಲದಲ್ಲಿ ಕಳೆ ಕೀಳಲು, ಕಡಲೆಕಾಯಿ ಕೀಳಲು ಹೋಗುತ್ತಿದ್ದ ಭೂಮಿಯಿಲ್ಲದವರ ಹೆಸರು ಯಾವ ಕರಾರಿನಲ್ಲೂ ಇಲ್ಲ. ಅವರ ಕೂಲಿ ಹೋಯಿತು, ಹಂಗು ಉಳಿಯಿತು.

ಇನ್ನು ಓಟು ಹಾಕುವ ಮಾತಿಗೆ ಮರಳೋಣ. ಪೆಟಿಟ್ ಪಾಠ ಹೇಳಿದ ಆಸ್ಟ್ರೇಲಿಯಾದಲ್ಲಿ 1922ರ ಚುನಾವಣೆಯಲ್ಲಿ ಮತದಾನ ಶೇ. 60 ಮುಟ್ಟಲಿಲ್ಲ. 1924ರಲ್ಲಿ ಕಡ್ಡಾಯ ಮಾಡಿದರು, ಮರುವರ್ಷ ಶೇ. 91 ದಾಟಿತು. ಇಂದಿಗೂ ಕಾರಣವಿಲ್ಲದೆ ತಪ್ಪಿಸಿಕೊಂಡರೆ 20 ಡಾಲರ್ ದಂಡ. ಅಲ್ಲಿನ ಬಹುಪಾಲು ಜನ ಇದನ್ನು ದಬ್ಬಾಳಿಕೆ ಎಂದು ಬಗೆದಿಲ್ಲ. ಸರ್ಕಾರವನ್ನು ತಮ್ಮ ಕೆಲಸ ಮಾಡಿಕೊಡುವ ಸಾಧನವೆಂದು ತಿಳಿದವರಿಗೆ ಅದನ್ನು ಆರಿಸುವುದೂ ಒಂದು ಕೆಲಸ. ಕರ್ನಾಟಕವೂ 2015ರಲ್ಲಿ ಗ್ರಾಮ ಪಂಚಾಯಿತಿ ಚುನಾವಣೆಗೆ ಮತದಾನ ಕಡ್ಡಾಯವೆಂದು ಕಾನೂನು ತಂದಿತು, ದಂಡ ಇಟ್ಟಿಲ್ಲ. ಮಧುಗಿರಿ, ಪಾವಗಡದ ಮತಗಟ್ಟೆಗಳಿಗೆ ಅದರ ಅಗತ್ಯವೂ ಇರಲಿಲ್ಲ ಎಂದು ನನ್ನ ಅನಿಸಿಕೆ. ರಟ್ಟಿನ ಮರೆಯ ಹಿಂದೆ ಗುಂಡಿ ಒತ್ತುವ ಅರೆಗಳಿಗೆ ಅಲ್ಲಿನ ಕೂಲಿಯಾಳನ್ನು ಯಾವ ದಣಿಯೂ ನೋಡಲಾರ.

ಓಟು ಕೇಳಲು ಬರುವವರು ‘ನೀರು ಕೊಟ್ಟೆವು’ ಎಂದರೆ ಸಂತೋಷಪಡಿ. ಜೊತೆಗೆ ಒಂದು ಪ್ರಶ್ನೆ ಕೇಳಿ: ನೀವು ಸೋತರೂ ಮುಂದಿನ ವರ್ಷ ಈ ನೀರು ಬರುತ್ತದೆಂದು ಯಾವ ಆದೇಶದಲ್ಲಿ ಬರೆದಿದೆ?