ಬಯಲೂ ಕಪ್ಪುಶಕ್ತಿಯೂ

ಕೊಳ್ಳೇಗಾಲ ಹನೂರುಗಳ ಮಾರ್ಗವಾಗಿ ಅಮಾವಾಸ್ಯೆಯ ಸೇವೆಗೆಂದು ಮಲೆ ಮಹದೇಶ್ವರ ಬೆಟ್ಟವನ್ನೇರಿದ ಭಕ್ತನು ನಕ್ಷತ್ರಗಳ ನಡುವಣ ಕತ್ತಲೆಯನ್ನು ಬರಿದೆಂದೇ ಬಗೆಯುವನು. ಆದರೆ ದೂರದ ನಕ್ಷತ್ರಸ್ಫೋಟಗಳು ನಿರೀಕ್ಷೆಗಿಂತ ಮಂಕಾಗಿ ತೋರಿದುದರಿಂದ, ವಿಶ್ವದ ಹಿಗ್ಗುವಿಕೆಯು ತ್ವರೆಗೊಳ್ಳುತ್ತಿದೆಯೆಂದು 1998ರಲ್ಲಿ ವಿಜ್ಞಾನಿಗಳ ಎರಡು ತಂಡಗಳು ಕಂಡುಕೊಂಡವು. ಇದಕ್ಕೆ ಕಾರಣವೆಂದು ಊಹಿಸಲಾದ ಕಪ್ಪುಶಕ್ತಿಯು ವಿಶ್ವದಲ್ಲಿ ನೂರಕ್ಕೆ ಸುಮಾರು 68 ಪಾಲು. ಅದರ ಸ್ವರೂಪವು ಇಂದಿಗೂ ಅಜ್ಞಾತ.

ಅಲ್ಲಮಪ್ರಭುಗಳ ಬಯಲು ಇದೇ ಎಂದು ಕೆಲವರು ಹಿಗ್ಗುವುದುಂಟು. (ವಿಶ್ವದೊಡನೆ ಅವರೂ ಹಿಗ್ಗುತ್ತಿರುವರೇನೋ!) ಈ ಹಿಗ್ಗು ಭಕ್ತಿಯಂತೆ ಕಂಡರೂ ಸತ್ಯಕ್ಕೆ ಸಲ್ಲದು. ಕಪ್ಪುಶಕ್ತಿಯು ಅಳತೆಯಿಂದ ಊಹಿಸಿದ ವಸ್ತು. ಬಯಲಾದರೋ ಅಳೆಯುವವನೇ ಅಳಿದ ನಿಲವು. ಆ ಶಕ್ತಿಯು ಕಾಲಕ್ರಮದಲ್ಲಿ ಕುಂದುತ್ತಿರಬಹುದೆಂಬ ಸುಳಿವನ್ನು 2025ರಲ್ಲಿ ಪ್ರಕಟವಾದ ವೀಕ್ಷಣೆಗಳು ನೀಡಿವೆ. ಅದು ದಿಟವಾದರೆ ಪ್ರಭುದೇವರ ಬಯಲೂ ಕುಂದಿತೆನ್ನಬೇಕೆ?